ರಾಗಿ ಸರಿ ನೋಡಲು ಬಂದ ಸಾಹೇಬರು

ಕರೆಂಟು ಹೋಗಬಹುದಿತ್ತು. ಕರೆಂಟಿದ್ದರೂ ಮೋಟಾರು ಸುಟ್ಟುಹೋಗಬಹುದಿತ್ತು. ತಾರಸಿಯ ಮೇಲೆ ಒಣಹಾಕಿದ ರಾಗಿಗೆ ಪಾರಿವಾಳಗಳು ಇಳಿಯಬಹುದಿತ್ತು, ಹಿಟ್ಟಿನಲ್ಲಿ ಹುಳು ಕಾಣಿಸಬಹುದಿತ್ತು, ಸಾಹೇಬರ ಸ್ಕೂಟರು ಹೆಬ್ಬಾಳದಲ್ಲೇ ಪಂಕ್ಚರಾಗಬಹುದಿತ್ತು. ಬಂದರೂ ನಮ್ಮ ಬೀದಿಯ ನಾಯಿ ಅವರನ್ನೇ ಆರಿಸಿಕೊಳ್ಳಬಹುದಿತ್ತು. ನಾಗರತ್ನ ಗಾಬರಿಯಲ್ಲಿ ಮಾತು ಮರೆಯಬಹುದಿತ್ತು. ನಾಗರತ್ನ ಎಂದರೆ ನನ್ನ ಹೆಂಡತಿ. ಅವಳು ಮಾತು ಮರೆತದ್ದನ್ನು ಮದುವೆಯಾದಂದಿನಿಂದ ನಾನು ಕಂಡಿಲ್ಲ. ಆದರೂ 1984ರ ಬೇಸಿಗೆಯ ಆ ದಿನ, ಹಾಲಿನವನು ಬರುವುದಕ್ಕೂ ಮೊದಲೇ ಎದ್ದು, ಇದನ್ನೆಲ್ಲ ಒಂದು ಸಲ ಯೋಚಿಸಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದೆ.

ಆಗ ನಾವು ಆರ್.ಟಿ. ನಗರದಲ್ಲಿದ್ದೆವು. ನಾನು ಕೆಲಸ ಮಾಡುತ್ತಿದ್ದ ಯಶವಂತಪುರದ ಪ್ರೆಸ್ಸು ಬಾಗಿಲು ಹಾಕಿತ್ತು. ನಲವತ್ತು ದಾಟಿದವನಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ನಾಗರತ್ನ ಬೀದಿಯ ಕೂಸುಗಳಿಗೆಂದು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿಸಿ ಸರಿ ಹಿಟ್ಟು ಮಾಡಿಕೊಡುತ್ತಿದ್ದಳು. ಮೊದಲು ಅದು ಉಪಕಾರಕ್ಕೆ ಮಾಡುತ್ತಿದ್ದದ್ದು. ಪ್ರೆಸ್ಸು ಮುಚ್ಚಿದ ಮೇಲೆ ನಾವು ಉಣ್ಣುತ್ತಿದ್ದದ್ದೇ ಅದರಿಂದ. ಬಾಣಲೆಯಲ್ಲಿ ಹುರಿದೂ ಹುರಿದೂ ಅವಳ ಬಲಭುಜ ಹಿಡಿದುಕೊಂಡು, ಜಡೆ ಹೆಣೆಯಲೂ ಕೈ ಏಳದಂತಾಗಿತ್ತು. ಮಿಷನ್ನು ಹಾಕಿ ಸ್ವಂತ ಉದ್ಯೋಗ ಮಾಡುವ ಹೆಂಗಸರಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆಂಬ ಸುದ್ದಿ ತಂದವರು ಪಕ್ಕದ ಮನೆಯ ಖೈರುನ್ನೀಸಾ. ನಾವು ರಾಗಿ ಒಣಹಾಕುತ್ತಿದ್ದದ್ದು ಅವರ ತಾರಸಿಯಲ್ಲೇ.

"ಸರ್ಕಾರದ ದುಡ್ಡು ಅಂದ್ರೆ ಸುಮ್ನೇನಾ? ಕೊನೆಗೆ ಮನೆ ಪಾತ್ರೇನೂ ಎತ್ಕೊಂಡ್ ಹೋಗ್ತಾರೆ," ಎಂದೆ.

"ಅಣ್ಣಾ, ನಿಮ್ಮನೆ ಪಾತ್ರೆ ನಾನು ನೋಡಿದೀನಿ. ಯಾರೂ ಎತ್ಕೊಂಡ್ ಹೋಗಲ್ಲ," ಎಂದರು ಖೈರುನ್ನೀಸಾ.

ನಾಗರತ್ನಳ ಹೆಸರಿನಲ್ಲಿ ಅರ್ಜಿ ಹಾಕಿದೆವು. ಕಚೇರಿಯಲ್ಲಿ ಸಂದರ್ಶನಕ್ಕೆ ಕರೆದಾಗ ನಾನೂ ಜೊತೆಗೆ ಹೋದೆ. ಅರ್ಜಿ ಹಾಕಿದವರು ಮಾತ್ರ ಒಳಗೆ ಎಂದು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಹಿಂದಿನ ವಾರವೆಲ್ಲ ಅವಳಿಗೆ ಪಂಚವಾರ್ಷಿಕ ಯೋಜನೆಯಿಂದ ಹಿಡಿದು ಮಂತ್ರಿಗಳ ಹೆಸರಿನವರೆಗೆ ಬಾಯಿಪಾಠ ಮಾಡಿಸಿದ್ದೆ. ನಾನು ಉಗುರು ಕಚ್ಚಿ ಮುಗಿಸುವಷ್ಟರಲ್ಲಿ ಅವಳು ಹೊರಗೆ ಬಂದಳು.

"ಏನ್ ಕೇಳಿದ್ರು?"

"ರಾಗಿ ಎಷ್ಟೊತ್ತು ನೆನೆಸ್ತೀಯಮ್ಮ ಅಂದ್ರು. ಹೇಳ್ದೆ."

"ಪಂಚವಾರ್ಷಿಕ ಯೋಜನೆ?"

"ಅದನ್ನ ಯಾರ್ ಕೇಳ್ತಾರೆ ರೀ? ಕೊನೇಗೆ ಒಬ್ರು, ನಮ್ಮ ಮೊಮ್ಮಗೂಗೂ ಒಂದ್ ಡಬ್ಬಿ ತಂದ್ಕೊಡಮ್ಮ ಅಂದ್ರು. ದುಡ್ಡು ಕೊಟ್ರೆ ಎರಡು ತರ್ತೀನಿ ಸರ್ ಅಂದೆ."

ಅರ್ಜಿಯ ಕಥೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಆದರೂ ಅರ್ಜಿ ಮುಂದಕ್ಕೆ ಹೋಯಿತು. ಉಳಿದದ್ದು ತಪಾಸಣೆ. ಒಬ್ಬ ಸಾಹೇಬರು ಬಂದು, ಮಿಷನ್ನು ಓಡುವುದನ್ನು ಕಣ್ಣಾರೆ ನೋಡಿ ವರದಿ ಬರೆಯಬೇಕು. ಹುರಿಯುವ ಡ್ರಮ್ಮು, ಬೀಸುವ ಮಿಷನ್ನು ಎರಡನ್ನೂ ಅಂಗಡಿಯವರು ನಂಬಿಕೆಯ ಮೇಲೆ ನಮ್ಮ ಶೆಡ್ಡಿಗೆ ಇಳಿಸಿದ್ದರು. ಸಬ್ಸಿಡಿ ಬರದಿದ್ದರೆ ಲಾರಿ ತಂದು ವಾಪಸ್ಸು ಒಯ್ಯುತ್ತೇವೆಂದು ಮೊದಲೇ ಹೇಳಿದ್ದರು. ಹಾಗಾದರೆ ನಾಗರತ್ನ ಅದೇ ಭುಜ ಹೊತ್ತು ಮತ್ತೆ ಬಾಣಲೆಯ ಮುಂದೆ ನಿಲ್ಲಬೇಕು.

ತಪಾಸಣೆಯ ಹಿಂದಿನ ದಿನ ನಮ್ಮಿಬ್ಬರಿಗೂ ಕಾಫಿಯ ವಿಷಯಕ್ಕೆ ಜಗಳವಾಯಿತು.

"ಸಾಹೇಬ್ರಿಗೆ ಕಾಫಿ ಕೊಟ್ರೆ ಏನೋ ಆಸೆ ತೋರಿಸ್ತಿದಾರೆ ಅಂದ್ಕೊಳ್ತಾರೆ ಕಣೇ," ಎಂದೆ.

"ಹಂಗಾದ್ರೆ ನೀರೂ ಕೊಡದೆ ಕಳಿಸೋಣ. ನೀವು ಸುಮ್ನಿರ್ತೀರಾ, ಇಲ್ಲ ನಿಮ್ಮನ್ನ ಜಕ್ಕೂರಿಗೆ ವಿಮಾನ ನೋಡೋಕೆ ಕಳಿಸ್ಲಾ?"

ಮಾರನೆಯ ದಿನ ಸುಮ್ಮನೆ ಕೂರಲಾಗದೆ ನಾನು ಶೆಡ್ಡು ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಸಾಹೇಬರು ಬರುವ ಹೊತ್ತಿಗೆ ಸ್ನಾನ ಮಾಡಿ ಪ್ಯಾಂಟು ಹಾಕಿಕೊಳ್ಳಬೇಕೆಂದಿದ್ದೆ. ಅವರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಸ್ಕೂಟರು ಗೀಟರು ಏನೂ ಇಲ್ಲ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬಸ್‌ಸ್ಟಾಪಿನಿಂದ ನಡೆದು ಬಂದ ವಯಸ್ಸಾದ ಸಣಕಲು ಮನುಷ್ಯ. ಖೈರುನ್ನೀಸಾ ತಮ್ಮ ಮನೆಯ ಒಳ್ಳೆಯ ಕುರ್ಚಿ ತಂದು ಹಾಕಿ ಹೋದರು. ನಾಗರತ್ನ ನನಗೆ ಕಣ್ಸನ್ನೆ ಮಾಡಿದಳು. ನಾನು ಎತ್ತಿ ಕಟ್ಟಿದ ಲುಂಗಿ, ಬನಿಯನ್ನಿನಲ್ಲೇ ಡ್ರಮ್ಮಿನ ಹಿಡಿ ಹಿಡಿದೆ.

"ಸ್ವಲ್ಪ ಜೋರಾಗಿ ತಿರುಗ್ಸಪ್ಪಾ," ಎಂದರು ಸಾಹೇಬರು. ತಿರುಗಿಸಿದೆ. ಹುರಿದ ರಾಗಿಯ ಘಮ ಶೆಡ್ಡು ತುಂಬಿತು. ಆಮೇಲೆ ಬೀಸುವ ಮಿಷನ್ನಿನ ಗುಂಡಿ ಒತ್ತಿದೆ, ಅದೂ ಓಡಿತು. ಅವರು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ನಾಗರತ್ನಳನ್ನು ಏನೇನೋ ಕೇಳಿದರು. ಅವಳು ಎಲ್ಲಕ್ಕೂ ಉತ್ತರ ಕೊಟ್ಟು, ಒಳಗಿನಿಂದ ಲೋಟ ತಂದಳು. ಕಾಫಿಯೇ ತಂದಳೆಂದುಕೊಂಡೆ.

"ತಪಾಸಣೆಗೆ ಹೋದ ಕಡೆ ನಾನು ಕಾಫಿ ಮುಟ್ಟಲ್ಲಮ್ಮ."

"ಕಾಫಿ ಅಲ್ಲ ಸರ್, ನಮ್ಮ ರಾಗಿ ಸರೀನೇ. ಬಾಯಿಗಿಡದೆ ಚೆನ್ನಾಗಿದೆ ಅಂತ ಹೆಂಗ್ ಬರೀತೀರಿ?"

ಸಾಹೇಬರು ಅವಳ ಮುಖ ನೋಡಿದರು, ನಕ್ಕರು, ಕುಡಿದರು. ಲೋಟದ ತಳಕ್ಕಂಟಿದ್ದನ್ನೂ ಬಿಡಲಿಲ್ಲ. ಆಮೇಲೆ ಪೆನ್ನು ತೆಗೆದರು.

ಸಬ್ಸಿಡಿ ಬಂತು. ಲಾರಿ ಬರಲಿಲ್ಲ. ನಾಗರತ್ನ ಈಗ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಾಳೆ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ನನಗೆ ಹೊಳೆಯದೇ ಇದ್ದ ಒಂದು ಸಣ್ಣ ಎಡವಟ್ಟು ಮಾತ್ರ ಆಯಿತು.

ಸಾಹೇಬರು ಹೊರಟಾಗ ನಾಗರತ್ನ ಲೋಟ ಇಡಲು ಒಳಗೆ ಹೋಗಿದ್ದಳು. ನಾನು ಓಡಿಹೋಗಿ ಗೇಟು ತೆಗೆದು ಹಿಡಿದೆ. ಅವರು ನಿಂತು, ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡಿದ್ದ ನನ್ನನ್ನು ಕನಿಕರದಿಂದ ನೋಡಿ, ಜೇಬಿನಿಂದ ಒಂದು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಒಬ್ನೇ ಎಷ್ಟು ದುಡೀತೀಯಪ್ಪಾ. ಟೀ ಕುಡಿ. ನಿಮ್ಮ ಅಮ್ಮಾವ್ರು ಒಳ್ಳೇವ್ರು, ಬಿಟ್ಟು ಹೋಗ್ಬೇಡ."

ನಾನು ಅವಳ ಗಂಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ, ಈ ಹಿರಿಯರಿಗೆ ಅವಮಾನವಾಗಿ, ಬರೆದ ವರದಿಯನ್ನು ಹರಿದುಹಾಕಿದರೆ ಎಂಬ ಹೊಸ ಚಿಂತೆ ಹತ್ತಿಕೊಂಡಿತು.

"ಇಲ್ಲ ಸರ್, ಹೋಗಲ್ಲ," ಎಂದೆ.

ಆ ಮಾತನ್ನು ಇವತ್ತಿಗೂ ಸಂತೋಷದಿಂದ ನಡೆಸಿಕೊಂಡು ಬಂದಿದ್ದೇನೆ. ಅಮ್ಮಾವ್ರು ಸಂಬಳ ಮಾತ್ರ ಇನ್ನೂ ಗೊತ್ತು ಮಾಡಿಲ್ಲ.