ಒಂದು ಲಾರಿ, ಎರಡು ಗೇಟ್ ಪಾಸ್

ಗೆಳೆಯರೇ, ಇವತ್ತು ನಮ್ಮ ಹೊಸೂರಿನ ಫ್ಯಾಕ್ಟರಿಯಲ್ಲಿ ನಾನು ಬರೆದ ವೆಬ್ ಪುಟ ಒಂದೇ ಲಾರಿಗೆ ಎರಡು ಗೇಟ್ ಪಾಸ್ ಕೊಟ್ಟಿತು. ಗೇಟಿನ ಮುನಿಯಪ್ಪಣ್ಣ ಲಾರಿ ತಡೆದು ನನಗೆ ಫೋನ್ ಮಾಡಿದರು. "ಇನ್ನೊಂದ್ ಲಾರಿ ಎಲ್ಲಿ ಸಾರ್?" ಹಿಂದೆ ಡ್ರೈವರನ ಹಾರ್ನ್ ನಿಲ್ಲುತ್ತಲೇ ಇಲ್ಲ.

ತಪ್ಪು ನನ್ನದೇ. ಬಟನ್ ಒತ್ತಿ ಪಾಸ್ ಬಂದ ಮೇಲೆ ಸರ್ವರ್ ನಮ್ಮನ್ನು ಆ ಪುಟದಿಂದ ಇನ್ನೊಂದಕ್ಕೆ ದಾಟಿಸುವಾಗ, ಬಟನ್ ಒತ್ತಿದ್ದನ್ನೂ ಜೊತೆಗೆ ಹೊತ್ತೊಯ್ದು ಅಲ್ಲಿ ಮತ್ತೊಂದು ಪಾಸ್ ಹೊರಡಿಸುತ್ತಿತ್ತು.

"ನಾನಾದ್ರೆ ನೋಡಿದ್ ಪಾಸ್‌ಗೆ ಕೆಂಪು ಗೀಟ್ ಎಳ್ದ್‌ಬುಡ್ತೀನಿ, ಆಮೇಲ್ ಮುಟ್ಟಾಕಿಲ್ಲ" ಅಂದರು ಮುನಿಯಪ್ಪಣ್ಣ. ಒಮ್ಮೆ ಪಾಸ್ ಕೊಟ್ಟಿದ್ದಕ್ಕೆ ಮತ್ತೆ ಕೊಡದಂತೆ, ಅಂಥದ್ದೇ ಒಂದು ಗೀಟನ್ನು ಕೋಡಿನಲ್ಲಿ ಎಳೆದೆ. ಪಾಸ್ ಒಂದೇ ಬಂತು, ಲಾರಿ ಹೊರಟಿತು.

ಅಷ್ಟರಲ್ಲಿ ಮ್ಯಾನೇಜರ್ ಬೈದು, ನನ್ನನ್ನು ಡೈರೆಕ್ಟರ್ ಕೋಣೆಗೆ ಕಳಿಸಿದರು. ಅಲ್ಲಿ ಅದೇ ಬೈಗುಳ, ಮತ್ತೆ ಮೊದಲಿನಿಂದ. ನಾಳೆ ಮುನಿಯಪ್ಪಣ್ಣನ ಹತ್ತಿರ ಹೋಗಿ ನನ್ನ ಹಣೆಗೂ ಒಂದು ಕೆಂಪು ಗೀಟು ಎಳೆಸಿಕೊಳ್ಳಬೇಕು.