ಸನಿಯ್ಯಾ ನುಂಗಿದ ಮಾತು

ಮಾತಿನ ಸಿನಿಮಾ ಬಂದಾಗ ಸನಿಯ್ಯಾ ಮೂಲೆಗೆ ಬಿದ್ದದ್ದು ಅವಳ ಕತ್ತೆ ದನಿಯಿಂದ ಎಂದು ಅಲೆಕ್ಸಾಂಡ್ರಿಯಾದ ಕಾಫಿ ಅಂಗಡಿಗಳಲ್ಲಿ ಇಂದಿಗೂ ಹೇಳುತ್ತಾರೆ. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಹೇಳುತ್ತದೆ. ಅವಳ ದನಿ ಚೆನ್ನಾಗಿಯೇ ಇತ್ತು. ಮೈಕಿನ ಮುಂದೆ ನಿಲ್ಲಿಸಿ "ಅಮ್ಮಾ" ಅನ್ನು ಎಂದರು. ಸಂಜೆಯವರೆಗೆ ನಿಂತರೂ ಅವಳಿಗೆ ಬಾಯಿ ಬರಲಿಲ್ಲ.

ಅದಕ್ಕೂ ಮುಂಚಿನ ಮೂಕಿ ಚಿತ್ರಗಳ ಕಾಲದಲ್ಲಿ, ನಮ್ಮಲ್ಲಿ ಮುಸುಕು ತೆಗೆದು ಕ್ಯಾಮೆರಾ ಮುಂದೆ ನಿಂತ ಮೊದಲ ಕೆಲವೇ ಹೆಂಗಸರಲ್ಲಿ ಅವಳೊಬ್ಬಳು. ವೇಷದ ಬಟ್ಟೆ ಹೊಲಿಯಲು ಹೋದವಳನ್ನೇ ನಟಿ ಮಾಡಿದ್ದರು. ಸುದ್ದಿ ತಿಳಿದ ದಿನ, ಮಿತ್ವಲ್ಲಿ ಎಂಬ ಹೆಸರಿನ, ಅತ್ತರು ಮಾರುವ ಅಪ್ಪ ಮಗಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಹೆಂಡತಿಯತ್ತ ತಿರುಗಿದ.

"ಹಮೀದಾ, ಇವಳು ಹೊಸಿಲು ದಾಟಿದ ಮೇಲೆ ನೀವಿಬ್ರೂ ಒಂದೇ ಒಂದು ಮಾತು ಆಡ್ಕೊಂಡ್ರೂ, ನಿನಗೆ ಮೂರು ತಲಾಕ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಲಾಕಿನ ಆಣೆಯಂತೂ ಕೇಳುವುದೇ ಬೇಡ, ಇಟ್ಟವನೂ ಹಿಂದಕ್ಕೆ ಪಡೆಯುವಂತಿಲ್ಲ.

ಆರು ವರ್ಷದ ಮೇಲೆ ಸನಿಯ್ಯಾಳಿಗೆ ದಾರಿಯೊಂದು ಹೊಳೆಯಿತು. ಅಪ್ಪ ಮಾತಾಡಬಾರದು ಎಂದಿದ್ದ, ನೋಡಬಾರದು ಎಂದಿರಲಿಲ್ಲ. ಚಿಕ್ಕಮ್ಮ ನಫೂಸಾಳ ಕೈಯಲ್ಲಿ ತಾನು ನಟಿಸಿದ ಚಿತ್ರದ ಮಂಗಳವಾರದ ಹೆಂಗಸರ ಆಟಕ್ಕೆ ಎರಡು ಟಿಕೆಟ್ ಕಳಿಸಿದಳು. ಅಮ್ಮ ಒಮ್ಮೆ ತನ್ನ ಮುಖ ನೋಡಲಿ, ಮಗಳು ಚೆನ್ನಾಗಿದ್ದಾಳೆ ಎಂದು ತಿಳಿಯಲಿ. ಅಷ್ಟೇ ಆಸೆ. ತಾನು ಮುಸುಕು ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತು ಕಾದಳು.

ಅಮ್ಮ ಬಂದಳು. ನಫೂಸಾಳ ಭುಜ ಹಿಡಿದು, ಕಾಲಿನಿಂದ ಮೆಟ್ಟಿಲು ತಡಕುತ್ತ ಬಂದಳು. ಎರಡೂ ಕಣ್ಣಿನ ಮೇಲೆ ಹಾಲಿನ ಕೆನೆಯಂತೆ ಬಿಳಿ ಕಟ್ಟಿತ್ತು.

ಅಕ್ಕನನ್ನು ಕೂರಿಸಿ ನಫೂಸಾ ಸನಿಯ್ಯಾಳ ಕಿವಿಯಲ್ಲಿ ಪಿಸುಗುಟ್ಟಿದಳು: "ಹೋದ ವರ್ಷವೇ ಕಣ್ಣು ಹೋಯ್ತು ಕಣೆ. ಹೇಳಿದ್ರೆ ನೀನು ಬೇಡ ಅಂತಿದ್ದೆ, ಅವಳಿಗೆ ಬರ್ಲೇಬೇಕಿತ್ತು. ಪಕ್ಕದಲ್ಲಿರೋದು ನೀನು ಅಂತ ಹೇಳಿಲ್ಲ. ಗೊತ್ತಾದ್ರೆ ಬಾಯಿ ಬಿಗಿ ಹಿಡೀತಾಳಾ? ನೀನೂ ತುಟಿ ಬಿಚ್ಬೇಡ. ಈ ವಯಸ್ಸಲ್ಲಿ ಕುರುಡೀನ ಬೀದಿಗೆ ತರ್ಬೇಡ."

ದೀಪ ಆರಿತು. ಓದು ಬಾರದವರಿಗಾಗಿ ಪರದೆಯ ಅಕ್ಷರಗಳನ್ನು ಓದಿ ಹೇಳುವ ಮುದುಕ ಶಹಾತಾ, ಹೆಂಗಸರಿಗೆ ಬೆನ್ನು ಮಾಡಿ ನಿಂತು ಕೂಗಿದ: "ಅಪ್ಪಾ, ನನ್ನನ್ನು ಮನೆಯಿಂದ ದೂಡಬೇಡ!"

"ಇದಾ ನನ್ನ ಮಗಳ ದನಿ?" ಅಮ್ಮ ಕೇಳಿದಳು. "ಹುಕ್ಕಾ ಸೇದಿ ಸೇದಿ ಕೆಟ್ಟ ಗಂಟಲು." ಹಿಂದಿನ ಸಾಲಿನವರು ಕಿಸಕ್ಕೆಂದರು.

ಕೊನೆಗೆ ಚಿತ್ರದ ಹುಡುಗಿ ನೈಲ್ ನದಿಗೆ ಹಾರಿದಳು. "ಮುಳುಗಿದಳು" ಎಂದು ಓದಿ ಶಹಾತಾ ಸುಮ್ಮನಾದ. ಸುತ್ತಲೂ ಬಿಕ್ಕಳಿಕೆ. ನಫೂಸಾ ಕೂಡ ಮುಖ ಮುಚ್ಚಿ ಅಳುತ್ತಿದ್ದಳು, ಅಕ್ಕ ಕರೆದರೂ ಓಗೊಡಲಿಲ್ಲ. ಅಮ್ಮ ಗಾಬರಿಯಿಂದ ಈಚೆ ಪಕ್ಕದವಳ ಕೈ ಹಿಡಿದಳು.

"ಏನಾಯ್ತಮ್ಮಾ? ನಂಗೆ ಕಣ್ಣಿಲ್ಲ. ನನ್ನ ಮಗಳು ಸತ್ತೋದ್ಲಾ?"

ಇಲ್ಲಮ್ಮಾ, ಇಲ್ಲೇ ಇದ್ದೀನಿ. ಮಾತು ನಾಲಿಗೆಯ ತುದಿಗೇ ಬಂದಿತ್ತು. ಸನಿಯ್ಯಾ ನುಂಗಿಕೊಂಡಳು. ಆ ಕೈಯನ್ನು ತನ್ನೆರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು, ಅಷ್ಟೇ.

ಅಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ತಂಗಿಯ ಕಡೆ ತಿರುಗಿದಳು.

"ಈ ಹುಡುಗಿ ಮೂಗಿ ಕಣೇ, ಪಾಪ. ಹೆತ್ತವಳು ಹೇಗೆ ಸಹಿಸ್ಕೊಂಡಿದಾಳೋ."