ಒಲೆ ನನ್ನ ಎತ್ತರಕ್ಕೆ ಬರಲಿ

ಆ ಪ್ರಶ್ನೆಯನ್ನು ಡಿಸೈನರ್ ನನ್ನನ್ನು ಕೇಳಲಿಲ್ಲ, ನನ್ನ ಗಂಡನನ್ನು ಕೇಳಿದ.

"ಇನ್ನು ಮುಂದೆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

ನಾನು ಅದೇ ವಿಡಿಯೋ ಕಾಲ್‌ನಲ್ಲಿ, ಪಕ್ಕದ ಚೌಕದಲ್ಲಿ, ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಗಂಡ ವೆಸ್ಟ್ ಕೊವಿನಾದ ನಮ್ಮ ಮನೆಯಲ್ಲಿ, ಡಿಸೈನರ್ ಗ್ಲೆಂಡೇಲ್‌ನ ತನ್ನ ಆಫೀಸಿನಲ್ಲಿ, ನಾನು ಸ್ಯಾನ್ ಡಿಯೇಗೋದಲ್ಲಿ ತಂಗಿಯ ಮನೆಯಲ್ಲಿ. ಇವರು ಗಂಟಲು ಸರಿಮಾಡಿಕೊಂಡು, "ನಾನೇ ಮ್ಯಾನೇಜ್ ಮಾಡ್ತೇನೆ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು.

ಕೋವಿಡ್ ಬಂದ ಮರುವರ್ಷದ ಮಾತು ಇದು. ಎಲ್ಲರಿಗೂ ಶ್ವಾಸಕೋಶದ ಚಿಂತೆ, ನನಗೆ ಬಂದದ್ದು ಬೆನ್ನುಹುರಿಯ ಉರಿಯೂತ. ಒಂದು ಬೆಳಿಗ್ಗೆ ಎದ್ದಾಗ ಕಾಲು ಜೋಮು ಹಿಡಿದಿತ್ತು. ಸಂಜೆಯ ಹೊತ್ತಿಗೆ ಕಾಲೇ ನನ್ನದಲ್ಲ ಅನ್ನುವ ಹಾಗಾಗಿತ್ತು. ಆಸ್ಪತ್ರೆ, ಫಿಸಿಯೋಥೆರಪಿ ಎಲ್ಲ ಮುಗಿದರೂ ಸೊಂಟದ ಕೆಳಗೆ ಬಲವೂ ಬರಲಿಲ್ಲ, ಸ್ಪರ್ಶವೂ ಬರಲಿಲ್ಲ. ವೀಲ್‌ಚೇರ್ ಬಂತು. ನಮ್ಮ ಮನೆಯೋ ಹಳೆಯದು. ಬಾಗಿಲಲ್ಲಿ ಮೆಟ್ಟಿಲು. ಒಳಗೆ ಹೋದರೆ ಲಿವಿಂಗ್ ರೂಮು ಮತ್ತೆ ತಗ್ಗಿನಲ್ಲಿ; ಹಿಂದೊಮ್ಮೆ ಇಲ್ಲಿ ಅದೇ ಫ್ಯಾಷನ್ ಆಗಿತ್ತಂತೆ. ಅಡಿಗೆಮನೆಗೆ ಹೋಗಬೇಕಾದರೆ ಆ ತಗ್ಗನ್ನು ದಾಟಲೇಬೇಕು. ಹಾಗಾಗಿ ಮನೆ ಸರಿಯಾಗುವ ತನಕ ಸ್ಯಾನ್ ಡಿಯೇಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿದ್ದ ತಂಗಿಯ ಮನೆಗೆ ಬಂದೆ. ಅವಳು ಅಲ್ಲಿಯ ಲ್ಯಾಬ್ ಒಂದರಲ್ಲಿ ರಿಸರ್ಚ್ ಮಾಡುವವಳು, ಒಬ್ಬಳೇ ಇರುವುದು. ನೆಲಮಾಳಿಗೆಯಲ್ಲಿ ಪಾರ್ಕಿಂಗ್, ಅಲ್ಲಿಂದ ಲಿಫ್ಟ್, ಅಗಲವಾದ ಬಾಗಿಲು. ಇವರು ಪ್ರತಿ ಶನಿವಾರ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಹಿಂತಿರುಗುತ್ತಿದ್ದರು.

ಮನೆಯ ಮಾರ್ಪಾಟಿಗೆಂದು ಡಿಸೈನರ್ ಆ ಕಾಲ್‌ನಲ್ಲಿ ತೋರಿಸಿದ ಪ್ಲಾನಿನಲ್ಲಿ ನನಗೊಂದು ತಗ್ಗಿನ ಸಿಂಕ್ ಇತ್ತು. ಒಲೆ ಮಾತ್ರ ಮೊದಲಿದ್ದಲ್ಲೇ, ಮೊದಲಿದ್ದ ಎತ್ತರದಲ್ಲೇ. ಅಂದರೆ ಪಾತ್ರೆ ತೊಳೆಯಲು ನಾನು, ಅಡುಗೆ ಮಾಡಲು ಬೇರೆಯವರು!

"ಒಲೆಯನ್ನೂ ತಗ್ಗಿಸಿ, ಕೆಳಗೆ ಕಾಲು ತೂರಿಸಲು ಜಾಗ ಬಿಡಿ" ಅಂದೆ.

"ಟ್ರೈ ಮಾಡಿದೆ ಮೇಡಂ. ಸಾಫ್ಟ್‌ವೇರ್ ತಗೊಳ್ಳುತ್ತಿಲ್ಲ. ಕೆಳಗಿನ ಕ್ಯಾಬಿನೆಟ್ ತೆಗೆದರೆ ಮಾಡೆಲ್ ಕೆಟ್ಟುಹೋಗುತ್ತದೆ."

"ಯಾವ ಸಾಫ್ಟ್‌ವೇರ್ ಅದು?"

ಅವನು ಹೆಸರು ಹೇಳಿದ. ಕಾಲ್ ಮುಗಿದ ಕೂಡಲೇ ಅದರದ್ದೇ ಮನೆಬಳಕೆಯ ಆವೃತ್ತಿಯನ್ನು ತಂಗಿಯ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ.

"ಅಕ್ಕಾ, ನಿನಗೆ ಎಂತ ಮರುಳಾ?" ತಂಗಿ ಕೇಳಿದಳು. "ಮನೆ ಡಿಸೈನ್ ಮಾಡಿ ಗೊತ್ತುಂಟಾ ನಿನಗೆ?"

"ಆ ಮನೆಯಲ್ಲಿ ಇದ್ದು ಗೊತ್ತುಂಟಲ್ಲ" ಅಂದೆ.

ಇವರ ಕೈಯಲ್ಲಿ ಟೇಪು ಹಿಡಿಸಿ, ಫೋನಿನಲ್ಲೇ ಇಡೀ ಮನೆ ಅಳೆಸಿದೆ. ಗೋಡೆಗಳನ್ನು ಎಳೆದೆ. ನೋಡಲು ಚಂದವಾಗಿಯೇ ಕಂಡಿತು. ಆದರೆ ಮೂರು ಆಯಾಮದಲ್ಲಿ ತಿರುಗಿಸಿದರೆ ಅಡಿಗೆಮನೆಗೆ ನೆಲವೇ ಇಲ್ಲ! ಗೋಡೆಗಳೆಲ್ಲ ಹಸಿರು ಹುಲ್ಲಿನ ಮೇಲೆ ನಿಂತಿವೆ. ಗೋಡೆ ಅಳಿಸಿದೆ, ಮತ್ತೆ ಎಳೆದೆ, ಮತ್ತೆ ಹುಲ್ಲು. ತಂಗಿ ಲ್ಯಾಬಿನಿಂದ ಬಂದು ಕಾಫಿ ಕುಡಿಯುತ್ತಾ ನೋಡಿ, "ಇದೊಂದು ಒಳ್ಳೆಯ ದನದ ಹಟ್ಟಿ" ಅಂದಳು. ಮರುದಿನ ಒಂದೊಂದು ಮೂಲೆಯನ್ನೂ ದೊಡ್ಡದು ಮಾಡಿ ನೋಡುತ್ತಾ ಹೋದೆ. ಒಂದು ಮೂಲೆಯಲ್ಲಿ ಎರಡು ಗೋಡೆಗಳು ಕೂದಲೆಳೆಯಷ್ಟು ಅಂತರದಲ್ಲಿ ನಿಂತಿದ್ದವು. ಸುತ್ತಲಿನ ಗೋಡೆ ಕೂಡಿಕೊಳ್ಳದಿದ್ದರೆ ಸಾಫ್ಟ್‌ವೇರ್ ಅದನ್ನು ಕೋಣೆ ಎಂದೇ ಒಪ್ಪುವುದಿಲ್ಲ. ಕೋಣೆ ಅಲ್ಲದ ಮೇಲೆ ನೆಲ ಯಾಕೆ ಕೊಡಬೇಕು? ಆ ಎರಡು ತುದಿಗಳನ್ನು ಎಳೆದು ಸೇರಿಸಿದೆ. ಪಟ್ಟನೆ ನೆಲ ಬಂತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ಆಮೇಲೆ ತಗ್ಗಿನ ಲಿವಿಂಗ್ ರೂಮು. ಅದರ ನೆಲವನ್ನು ಏರಿಸಿದರೆ ಚಾವಣಿಯೂ ಜೊತೆಯಲ್ಲೇ ಏರಿ ಮನೆಯ ಮೇಲಿನ ಮಾಡನ್ನು ಸೀಳಿಕೊಂಡು ಹೊರಗೆ ಬರುತ್ತಿತ್ತು. ಚಾವಣಿಯ ಎತ್ತರವನ್ನು ಅದು ನೆಲದಿಂದ ಲೆಕ್ಕ ಹಾಕುತ್ತದೆ ಅಂತ ತಿಳಿಯಲು ತುಂಬ ಹೆಣಗಿದೆ. ಆ ಸಾಫ್ಟ್‌ವೇರ್ ಬಳಸುವವರ ಒಂದು ಫೋರಂ ಉಂಟು, ಅಲ್ಲಿ ನನ್ನ ಫೈಲ್ ಹಾಕಿ ಸಹಾಯ ಕೇಳಿದೆ. ಯಾರೋ ಮಹಾಶಯ ಬರೆದ: ಇದು ಹವ್ಯಾಸಿಗಳ ಕೆಲಸವಲ್ಲ, ಪ್ರೊಫೆಷನಲ್ ಒಬ್ಬರನ್ನು ಹಿಡಿಯಿರಿ. ನಾನು ಉತ್ತರ ಬರೆದೆ: ಹಿಡಿದಾಗಿದೆ, ಅವನಿಂದ ಆಗುತ್ತಿಲ್ಲ, ಅದಕ್ಕೇ ನಾನು ಮಾಡುತ್ತಿರುವುದು. ಇನ್ನೊಬ್ಬರು ಮಾತ್ರ, ಮೊದಲು ಚಾವಣಿಯ ಎತ್ತರ ತಗ್ಗಿಸಿ, ಆಮೇಲೆ ನೆಲ ಏರಿಸಿ ಎಂದು ಎರಡೇ ಸಾಲಿನಲ್ಲಿ ದಾರಿ ತೋರಿಸಿದರು. ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ.

ಒಲೆಯದ್ದು ನಿಜವಾದ ಯುದ್ಧ. ಡಿಸೈನರ್ ಸುಳ್ಳು ಹೇಳಿರಲಿಲ್ಲ. ಕೆಳಗಿನ ಕ್ಯಾಬಿನೆಟ್ ಅಳಿಸಿದರೆ ಅದರ ಮೇಲಿನ ಅಡುಗೆಕಟ್ಟೆಯ ಕಲ್ಲೂ ಮಾಯ. ಕಲ್ಲನ್ನು ಬೇರೆಯಾಗಿ ಎಳೆದು ಗಾಳಿಯಲ್ಲಿ ನಿಲ್ಲಿಸಿದೆ. ಒಲೆ ತಂದು ಇಟ್ಟರೆ ಅದು ಕಲ್ಲನ್ನು ದಾಟಿ ನೇರ ನೆಲಕ್ಕೆ ಬಿತ್ತು. ಒಲೆಗೆ ಕಲ್ಲು ಕಾಣುವುದಿಲ್ಲ, ಕ್ಯಾಬಿನೆಟ್ಟೇ ಬೇಕು. ಲೈಬ್ರರಿಯಲ್ಲಿದ್ದ ಪ್ರತಿಯೊಂದು ಕ್ಯಾಬಿನೆಟ್ಟೂ ನೆಲಕ್ಕೆ ಕಾಲೂರಿ ನಿಂತದ್ದೇ, ನಿಂತವರ ಸೊಂಟದ ಎತ್ತರಕ್ಕೇ. ಅಳತೆ ತೋರಿಸಲೆಂದು ಅದರಲ್ಲಿ ಗೊಂಬೆ ಮನುಷ್ಯರಿದ್ದರು: ನಿಂತ ಗಂಡಸು, ನಿಂತ ಹೆಂಗಸು, ನಿಂತ ನಾಯಿ. ಕೂತವರು ಒಬ್ಬರೂ ಇಲ್ಲ.

ವಾರಗಟ್ಟಲೆ ಜಗಳವಾಡಿದೆ. ಕೊನೆಗೆ ಒಂದು ಮಧ್ಯಾಹ್ನ, ಸಿಟ್ಟಿನಲ್ಲೇ, ಕ್ಯಾಬಿನೆಟ್ಟಿನ ಎತ್ತರ ಬರೆಯುವ ಚೌಕದಲ್ಲಿ ಬರೀ ಡ್ರಾಯರಿನಷ್ಟು ಅಳತೆ ಹಾಕಿದೆ. ತಗೊಂಡಿತು! ಕ್ಯಾಬಿನೆಟ್ ತಟ್ಟೆಯ ಹಾಗೆ ತೆಳ್ಳಗಾಗಿ ನೆಲದ ಮೇಲೆ ಮಲಗಿತು. ನೆಲದಿಂದ ಎಷ್ಟು ಮೇಲೆ ಎಂಬ ಇನ್ನೊಂದು ಚೌಕವಿತ್ತು. ಅದರಲ್ಲಿ ನನ್ನ ಮೊಣಕಾಲಿಗಿಂತ ತುಸು ಹೆಚ್ಚಿನ ಅಳತೆ ಹಾಕಿದೆ. ತಟ್ಟೆ ಮೇಲೆದ್ದು ಗಾಳಿಯಲ್ಲಿ ನಿಂತಿತು. ಒಲೆ ಇಟ್ಟೆ. ಬೀಳಲಿಲ್ಲ. ಕೆಳಗೆ ಖಾಲಿ ಜಾಗ, ನನ್ನ ಕಾಲಿನ ಜಾಗ.

ಶನಿವಾರ ಇವರು ಬಂದಾಗ ತೋರಿಸಿದೆ. ಇವರ ಮುಖ ಅರಳಲಿಲ್ಲ.

"ಬಿಸಿ ಎಣ್ಣೆ ತೊಡೆ ಮೇಲೆ ಬಿದ್ರೆ?" ಅಂದರು. "ನಿನಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ನಾನು ಮನೆಯಲ್ಲಿ ಇಲ್ಲದಾಗ ಹಾಗೇನಾದ್ರೂ ಆದ್ರೆ?"

ಇವರು ಹೇಳಿದ್ದು ನಿಜವೇ. ಆಸ್ಪತ್ರೆಯಲ್ಲಿ ಬಿಸಿನೀರಿನ ಚೀಲದಿಂದ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೂ ನನಗೆ ತಿಳಿದಿರಲಿಲ್ಲ, ನೋಡಿದವರು ಇವರೇ. ಆದರೆ ಭಯಕ್ಕೆ ಮದ್ದು ಒಲೆಯನ್ನು ಕಿತ್ತುಕೊಳ್ಳುವುದಾ? ಲ್ಯಾಪ್‌ಟಾಪಿನಲ್ಲಿ ಬೇರೊಂದು ಫೈಲ್ ತೆರೆದೆ. ಸಾಫ್ಟ್‌ವೇರಿನ ಒಳಗೆ ಒಂದು ಕ್ಯಾಮೆರಾ ಉಂಟು, ಮನೆಯೊಳಗೆ ನಡೆದಾಡಿದ ಹಾಗೆ ತೋರಿಸಲಿಕ್ಕೆ. ಅದರ ಕಣ್ಣು ನಿಂತವರ ಎತ್ತರದಲ್ಲಿತ್ತು. ನಾನು ಅದನ್ನು ಇಳಿಸಿ ನನ್ನ ಕಣ್ಣಿನ ಮಟ್ಟಕ್ಕೆ ತಂದಿಟ್ಟಿದ್ದೆ.

"ಇದು ಯಾರ ಅಡಿಗೆಮನೆ?" ಇವರು ಕೇಳಿದರು.

"ನಮ್ಮದೇ. ಈಗ ಹೇಗುಂಟೋ ಹಾಗೆ. ನಾನು ಒಳಗೆ ಬಂದ್ರೆ ಕಾಣುವ ಹಾಗೆ."

ಇವರು ಕೀಬೋರ್ಡಿನ ಬಾಣಗಳನ್ನು ಒತ್ತುತ್ತಾ ಒಳಗೆ ಹೋದರು. ಒಲೆಯ ಅಂಚು ಕಣ್ಣಿಗೆ ಅಡ್ಡ ಬಂತು. ಮೇಲಿನ ಕಪಾಟುಗಳ ತಳ ಮಾತ್ರ ಕಂಡಿತು. ಪಾತ್ರೆಯೊಳಗೆ ಏನು ಬೇಯುತ್ತಿದೆ ಎಂದು ನೋಡುವ ದಾರಿಯೇ ಇಲ್ಲ.

"ಇದರಲ್ಲಿ ಕಾದ ಪಾತ್ರೆಯನ್ನು ನಾನು ಕೈ ಎತ್ತಿ ಇಳಿಸಬೇಕು, ಮುಖದ ಮುಂದಿನಿಂದ" ಅಂದೆ. "ಯಾವುದು ಹೆಚ್ಚು ಅಪಾಯ, ನೀವೇ ಹೇಳಿ."

ಇವರು ಇನ್ನೊಮ್ಮೆ ಬಾಣ ಒತ್ತಿ ಒಲೆಯ ಹತ್ತಿರ ಹೋಗಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತು, "ಒಲೆಯ ಅಡಿಗೆ ಶಾಖ ತಡೆಯುವ ಒಂದು ಹಲಗೆ ಹಾಕುವ. ಗ್ಯಾಸ್ ಬೇಡ, ಇಂಡಕ್ಷನ್. ಪಕ್ಕದಲ್ಲೇ ಸಿಂಕ್ ಇರ್ಲಿ, ಪಾತ್ರೆ ಎತ್ತುವ ಬದಲು ಜಾರಿಸಿಕೊಂಡು ಹೋಗ್ಬಹುದು" ಅಂದರು. ಆ ಭಾನುವಾರ ಇಬ್ಬರೂ ಒಟ್ಟಿಗೆ ಕೂತು ಮಾಡೆಲಿನಲ್ಲಿ ಸಿಂಕನ್ನು ಒಲೆಯ ಪಕ್ಕಕ್ಕೆ ಎಳೆದು ತಂದೆವು. ತಂಗಿ ಊಟಕ್ಕೆ ಕರೆದು ಕರೆದು ಸುಸ್ತಾದಳು.

ಡಿಸೈನರನ್ನು ನೋಡಲು ಗ್ಲೆಂಡೇಲ್‌ಗೆ ನಾನೇ ಹೋದೆ. ಫೈಲ್ ತೆರೆದು ಅವನು ಸುಮಾರು ಹೊತ್ತು ತಿರುಗಿಸಿ ನೋಡಿದ. ಆ ತೆಳ್ಳಗಿನ ಕ್ಯಾಬಿನೆಟ್ಟಿನ ಮೇಲೆ ಕ್ಲಿಕ್ ಮಾಡಿ, "ಓ, ಹೀಗಾ?" ಅಂದ. ಆಮೇಲೆ, "ಮುಂದೆ ಮನೆ ಮಾರುವಾಗ ಇಷ್ಟು ತಗ್ಗಿದ ಅಡಿಗೆಮನೆಯನ್ನು ಯಾರೂ ಇಷ್ಟಪಡುವುದಿಲ್ಲ ಮೇಡಂ."

"ಮಾರಲಿಕ್ಕೆ ಕಟ್ಟುತ್ತಾ ಇಲ್ಲ. ಬೇಯಿಸಲಿಕ್ಕೆ ಕಟ್ಟುತ್ತಾ ಇದ್ದೇನೆ."

ಅವನು ನಕ್ಕ. ಆದರೆ ಸುಮ್ಮನೆ ಒಪ್ಪಲೂ ಇಲ್ಲ. ಮಾಡೆಲಿನಲ್ಲಿ ಫ್ರಿಜ್ಜಿನ ಬಾಗಿಲನ್ನು ತೆರೆದು ತೋರಿಸಿದ. ನಾನು ಅದನ್ನು ಮುಚ್ಚಿಯೇ ಇಟ್ಟು ಇಡೀ ಮನೆ ಕಟ್ಟಿದ್ದೆ. ತೆರೆದ ಬಾಗಿಲು ನನ್ನ ಕುರ್ಚಿ ತಿರುಗುವ ಜಾಗವನ್ನೇ ನುಂಗಿತ್ತು. "ಹಾಲು ತೆಗೆಯಲು ಹೋದರೆ ನೀವು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ" ಅಂದ. ಸರಿ, ಫ್ರಿಜ್ಜನ್ನು ಎದುರು ಗೋಡೆಗೆ ಸರಿಸಿದೆವು. ಒಲೆಯನ್ನು ಒಂದಿಂಚಾದರೂ ಏರಿಸೋಣ ಅಂತ ಅವನು ಮತ್ತೆ ಕೇಳಿದ. ಕೂದಲೆಳೆಯಷ್ಟೂ ಆಗದು ಅಂದೆ.

ಕೆಲಸ ಎಳೆದೂ ಎಳೆದೂ ಮುಗಿಯಿತು. ಆಗ ಕೋವಿಡ್‌ನಿಂದಾಗಿ ಮರದ ಹಲಗೆಯೇ ಸಿಗದ ಕಾಲ. ಮನೆಗೆ ಹಿಂತಿರುಗಿದ ದಿನ ಬಾಗಿಲಲ್ಲಿ ಮೆಟ್ಟಿಲಿನ ಬದಲು ಹಾಕಿಸಿದ ಇಳಿಜಾರನ್ನು ನಾನೇ ತಳ್ಳಿಕೊಂಡು ಹತ್ತಿದೆ, ಹಿಂದಿನಿಂದ ಇವರು ತಳ್ಳಲು ಕೈ ಹಾಕಿದ್ದಕ್ಕೆ ಬೈದೆ. ಎಲ್ಲವೂ ಸರಿಯಾಗಿತ್ತೆಂದಲ್ಲ. ಕಿಟಕಿಯ ಚಿಲಕ ನನಗೆ ಇಂದಿಗೂ ಎಟಕುವುದಿಲ್ಲ, ಅದು ಮಾಡೆಲಿನಲ್ಲಿ ಇರಲೇ ಇಲ್ಲ. ಆದರೆ ಮರುದಿನ ಬೆಳಿಗ್ಗೆ ಒಲೆಯ ಅಡಿಗೆ ಕಾಲು ತೂರಿಸಿ, ಕಾವಲಿ ಇಟ್ಟು, ನೀರುದೋಸೆ ಹೊಯ್ದೆ. ಇವರು ಬಾಗಿಲ ಹತ್ತಿರವೇ ನಿಂತಿದ್ದರು. "ಹೋಗಿ, ಪೇಪರ್ ಓದಿ" ಅಂದೆ. ಹೋದರು, ಎರಡು ನಿಮಿಷಕ್ಕೊಮ್ಮೆ ಕೆಮ್ಮುತ್ತಾ ಇದ್ದರು, ಇಲ್ಲೇ ಇದ್ದೇನೆ ಅಂತ ತಿಳಿಸಲಿಕ್ಕೆ.

ಈಗ ನಮ್ಮ ಮನೆಗೆ ಬರುವ ನಮ್ಮ ಕಡೆಯ ಹೆಂಗಸರೆಲ್ಲ ಪಾಪ, ಕೈಜೋಡಿಸಲು ಅಡಿಗೆಮನೆಗೇ ಬರುತ್ತಾರೆ. ಮೊನ್ನೆ ಹಬ್ಬಕ್ಕೆ ಬಂದ ಹಿರಿಯರೊಬ್ಬರು ತಗ್ಗಿನ ಕಲ್ಲಿನ ಮೇಲೆ ಬಗ್ಗಿ ಬೀನ್ಸ್ ಹೆಚ್ಚುತ್ತಾ, ಸೊಂಟಕ್ಕೆ ಕೈ ಕೊಟ್ಟು, "ಎಂತದು ಮಾರಾಯ್ತಿ, ಇಷ್ಟು ತಗ್ಗು ಮಾಡಿಸಿದ್ದೀಯಲ್ಲ! ನಮ್ಮಂಥವರು ಇಲ್ಲಿ ಕೆಲಸ ಮಾಡುವುದು ಹೇಗೆ?" ಅಂದರು.

"ಅಲ್ಲಿ ಕುರ್ಚಿ ಉಂಟು ಆಂಟಿ" ಅಂದೆ, ಒಗ್ಗರಣೆಗೆ ಸಾಸಿವೆ ಹಾಕುತ್ತಾ. "ಎಳೆದುಕೊಂಡು ಕೂತ್ಕೊಳ್ಳಿ."